ಹೆಂಚಿನ ಮೇಲೆ 1865 ಅಂತಿದೆ, ಬಂಗಲೆ ಎಷ್ಟು ಹಳೆಯದು? ಸೋರುವುದನ್ನು ನಿಲ್ಲಿಸುವುದು ಹೇಗೆ?

ತೋಟದ_ದಾರಿ
ದಕ್ಷಿಣ ಕೊಡಗಿನ ಕಾಫಿ ತೋಟವೊಂದರ ಹಳೆಯ ದೊರೆ ಬಂಗಲೆಯ ಬಗ್ಗೆ ಸಲಹೆ ಬೇಕು. ನೆಲ ಮಟ್ಟದಿಂದ ಎರಡೂವರೆ ಅಡಿ ಎತ್ತರದ ಕಲ್ಲಿನ ಪಾಯ, ಮೂರು ಕಡೆ ಜಗಲಿ. ನಡುವೆ ದೊಡ್ಡ ಹಾಲ್, ಅದರ ಹಿಂದೆ ಊಟದ ಕೋಣೆ. ಎರಡೂ ಬದಿಗೆ ಎರಡೆರಡು ಮಲಗುವ ಕೋಣೆ, ಒಂದೊಂದಕ್ಕೂ ಬಚ್ಚಲು. ಅಡುಗೆಮನೆ ಹಿಂದೆ ಬೇರೆಯಾಗಿದೆ, ಮಾಡು ಹೊದಿಸಿದ ಓಣಿಯಲ್ಲಿ ಹೋಗಬೇಕು. ಗೋಡೆ 20 ಇಂಚು ದಪ್ಪ, ಎರಡು ಫೈರ್‌ಪ್ಲೇಸ್.

1. ಹೆಂಚಿನ ಹಿಂಬದಿ ಬಾಸೆಲ್ ಮಿಷನ್ ಮುದ್ರೆ, ಜೊತೆಗೆ 1865. ಮನೆ ಆ ವರ್ಷದ್ದು ಎನ್ನಬಹುದೇ?
2. ಚಿಮಣಿಯ ಪಕ್ಕ ಮತ್ತು ಜಗಲಿಯ ಮೂಲೆಯ ಕಣಿಯಲ್ಲಿ (ಮಾಡಿನ ಎರಡು ಇಳಿಜಾರು ಕೂಡುವ ತಗ್ಗು) ಸೋರುತ್ತದೆ. ಇಡೀ ಮನೆಗೆ ಮೇಲಿಂದ ಶೀಟ್ ಹೊದಿಸಿಬಿಡಿ ಎನ್ನುವುದು ಕಂಟ್ರಾಕ್ಟರ್ ಸಲಹೆ.
3. ಕೋಣೆಗಳ ಒಳಗೋಡೆ ನೆಲದಿಂದ ಮೂರಡಿವರೆಗೆ ಒದ್ದೆ. ಸಿಮೆಂಟ್ ಪ್ಲಾಸ್ಟರ್ ಹೊಪ್ಪಳಿಕೆಯಾಗಿ ಏಳುತ್ತಿದೆ.

ಜೆಪ್ಪು_ಆವೆಮಣ್ಣು
ಮೊದಲ ಪ್ರಶ್ನೆಗೆ ಉತ್ತರ: ಇಲ್ಲ. 1865 ಎನ್ನುವುದು ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ ಎಂಬ ಯುರೋಪಿನ ಕ್ರೈಸ್ತ ಮಿಷನರಿ ಸಂಸ್ಥೆಯವರ ಮೊದಲ ಹೆಂಚಿನ ಕಾರ್ಖಾನೆ ಶುರುವಾದ ವರ್ಷ. ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ನೇತ್ರಾವತಿ ತೀರದ ಆವೆಮಣ್ಣನ್ನು ಯಂತ್ರದ ಅಚ್ಚಿನಲ್ಲಿ ಒತ್ತಿ ಸುಟ್ಟು ತೆಗೆದದ್ದು ಅಲ್ಲಿ. ಆಮೇಲೆ ದಶಕಗಟ್ಟಲೆ ತಯಾರಾದ ಹೆಂಚಿಗೂ ಸ್ಥಾಪನೆಯ ವರ್ಷವನ್ನೇ ಒತ್ತುತ್ತಿದ್ದರು. ಆಲ್ಬುಕರ್ಕ್ ಹೆಂಚಿನ ಮೇಲಿನ 1868 ಕೂಡ ಹಾಗೆಯೇ. ಅಂಗಡಿ ಬೋರ್ಡಿನಲ್ಲಿ 'ಸ್ಥಾಪನೆ' ಎಂದು ಬರೆಸಿದ ಹಾಗೆ.

ಮುದ್ರೆಯನ್ನು ಪೂರ್ತಿ ಓದಿ, ಊರಿನ ಹೆಸರೂ ಇದೆಯೇ ನೋಡಿ. ಕುದ್ರೋಳಿ, ಮಲ್ಪೆ ಕಾರ್ಖಾನೆಗಳು 1880ರ ದಶಕದವು, ಫೆರೋಕ್‌ನದು 1905ರದ್ದು. 'ಕಾಮನ್‌ವೆಲ್ತ್' ಎಂದಿದ್ದರೆ ಮೊದಲ ಮಹಾಯುದ್ಧದ ನಂತರದ್ದು. ಯುದ್ಧಕಾಲದಲ್ಲಿ ಮಿಷನ್ನಿನ ಕಾರ್ಖಾನೆಗಳನ್ನು ಸರ್ಕಾರ ಶತ್ರುಗಳ ಆಸ್ತಿ ಎಂದು ವಶಕ್ಕೆ ತೆಗೆದುಕೊಂಡು ಕೊನೆಗೆ ಕಾಮನ್‌ವೆಲ್ತ್ ಟ್ರಸ್ಟ್‌ಗೆ ವಹಿಸಿತು.

ಒಂದೇ ಮಾಡಿನಲ್ಲಿ ಮೂರು ನಾಲ್ಕು ಕಾರ್ಖಾನೆಯ ಹೆಂಚು ಬೆರೆತಿರುವುದು ಮಾಮೂಲು. ಒಡೆದಲ್ಲಿ ಸಿಕ್ಕಿದ್ದನ್ನು ಸೇರಿಸುತ್ತಾ ಬಂದಿರುತ್ತಾರೆ. ಅದಕ್ಕೇ ಒಂದು ಹೆಂಚು ನೋಡಿ ತೀರ್ಮಾನ ಬೇಡ. ಜಗಲಿ, ನಡುಮನೆ, ಅಡುಗೆಮನೆ ಮೂರರಿಂದಲೂ ಇಪ್ಪತ್ತಿಪ್ಪತ್ತು ತೆಗೆದು ಪಟ್ಟಿ ಮಾಡಿ. ಅದರಿಂದ ಗೊತ್ತಾಗುವುದೂ ಮಾಡಿನ ವಯಸ್ಸೇ ಹೊರತು ಗೋಡೆಯದ್ದಲ್ಲ.

ಹಳೇಕಡತ
ಗೋಡೆಯ ವಯಸ್ಸಿಗೆ ತೋಟದ ಚರಿತ್ರೆಯಿಂದ ಬರಬೇಕು. ಕೊಡಗು ಕಂಪನಿ ಸರ್ಕಾರದ ಕೈಗೆ ಹೋದದ್ದು 1834ರಲ್ಲಿ. ಫೌಲರ್ ಎಂಬಾತ ಮಡಿಕೇರಿಯಲ್ಲಿ ಮೊದಲ ಯುರೋಪಿಯನ್ ತೋಟ ಹಾಕಿದ್ದು 1854ರಲ್ಲಿ. ಚಿಕ್ಕಮಗಳೂರು ಕಡೆ ಅದಕ್ಕೂ ಮುಂಚೆ: ಬಾಬಾಬುಡನ್‌ಗಿರಿಯ ದಕ್ಷಿಣದ ತಪ್ಪಲಲ್ಲಿ ಕ್ಯಾನನ್, ಆಮೇಲೆ 1843ರ ಸುಮಾರಿಗೆ ಮಂಜರಾಬಾದಿನಲ್ಲಿ (ಈಗಿನ ಸಕಲೇಶಪುರದ ಕಡೆ) ಗ್ರೀನ್. ಈ ಮೊದಲ ಪೀಳಿಗೆಯವರು ಕಟ್ಟಿಕೊಂಡದ್ದು ಮಣ್ಣಿನ ಗೋಡೆ, ಹುಲ್ಲು ಮಾಡಿನ ಮನೆ. ಅವು ಉಳಿದಿರುವುದು ಅಪರೂಪ.

1860ರ ದಶಕದ ನಡುವಿನಲ್ಲಿ ಕಾಂಡಕೊರಕ ಬಂದು ತೋಟಕ್ಕೆ ತೋಟವೇ ಹೋಯಿತು. ಬೆನ್ನಿಗೇ ಎಲೆತುಕ್ಕು. ಹಲವರು ಬಿಟ್ಟು ಹೋದರು, ಕೊಂಡವರು ತೋಟಗಳನ್ನು ಒಟ್ಟುಗೂಡಿಸಿದರು. ಜಗಲಿ, ಫೈರ್‌ಪ್ಲೇಸ್, ನಾಲ್ಕು ಮಲಗುವ ಕೋಣೆ ಎಲ್ಲ ಇರುವ 'ಪೂರ್ತಿ' ಬಂಗಲೆ ಸಾಮಾನ್ಯವಾಗಿ ಈ ಏಟಿನ ನಂತರ, ದುಡ್ಡಿದ್ದ ಕಂಪನಿಯ ಕಾಲದ್ದು. ನಿಮ್ಮದು ಹಳೆಯ ಚಿಕ್ಕ ಮನೆಯ ಸುತ್ತ ಬೆಳೆದದ್ದಾದರೂ ಆಗಿರಬಹುದು. ಹಾಲ್‌ನ ಗೋಡೆ ಬದಿಯ ಕೋಣೆಗಳ ಗೋಡೆಗಿಂತ ದಪ್ಪವಿದ್ದು, ಕೂಡುವಲ್ಲಿ ಉದ್ದಕ್ಕೆ ನೇರ ಬಿರುಕಿದ್ದರೆ ಎರಡು ಕಾಲದ ಕೆಲಸ ಎಂದೇ ಅರ್ಥ.

ಕಬ್ಬಿಣವೂ ಸುಳಿವು ಕೊಡುತ್ತದೆ. ತೊಲೆಯಲ್ಲಿ ಡಾರ್ಮನ್ ಲಾಂಗ್ ಎಂಬ ಉಬ್ಬಕ್ಷರ ಇದ್ದರೆ 1870ರ ದಶಕಕ್ಕಿಂತ ಹಿಂದಿನದಾಗಲು ಸಾಧ್ಯವಿಲ್ಲ, ಟಾಟಾ ಎಂದಿದ್ದರೆ 1912ರ ನಂತರ. ಕಿಟಕಿ ಗಾಜು ತೆಗೆದು ಬಿಸಾಡುವ ಮುನ್ನ ಓರೆಯಾಗಿ ನೋಡಿ. ಆಚೆಗಿನ ಮರ ಅಲೆಯಲೆಯಾಗಿ ಕಂಡರೆ ಹಳೆಯ ಕಾಲದ ಗಾಜು, ಮತ್ತೆ ಸಿಗುವುದಿಲ್ಲ. ಕಾಗದಪತ್ರಕ್ಕೆ ಉಪನೋಂದಣಿ ಕಚೇರಿಯ ಹಳೆಯ ಕ್ರಯಪತ್ರ. ಅದರ ಷೆಡ್ಯೂಲಿನಲ್ಲಿ 'ಬಂಗಲೆ, ಗೋಡೌನ್, ಪಲ್ಪರ್ ಮನೆ, ಲೈನುಗಳು' (ಪಲ್ಪರ್ ಮನೆ ಎಂದರೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಕಡೆ, ಲೈನು ಎಂದರೆ ಕೆಲಸಗಾರರ ಸಾಲುಮನೆ) ಎಂದು ಬರೆದಿದ್ದರೆ ಆ ವರ್ಷಕ್ಕೆ ಕಟ್ಟಡ ಇತ್ತು ಎಂಬುದಕ್ಕೆ ಅದಕ್ಕಿಂತ ಗಟ್ಟಿ ಸಾಕ್ಷಿ ಬೇಡ.

ನಡುಜಗಲಿ
ನಕ್ಷೆಯ ಬಗ್ಗೆ ಒಂದು ಮಾತು. 'ಇಂಗ್ಲಿಷ್ ಮನೆ' ಎನ್ನುತ್ತಾರೆ, ಆದರೆ ಕಟ್ಟಿದ ಕೈ, ಮಣ್ಣು, ಮರ ಎಲ್ಲ ಇಲ್ಲಿಯವೇ. ಬೇರೆಯಾಗಿರುವುದು ಮನೆ ಮುಖ ಮಾಡಿರುವ ದಿಕ್ಕು. ಕೊಡವರ ಐನ್‌ಮನೆಯಾಗಲಿ ಮಲೆನಾಡಿನ ತೊಟ್ಟಿಮನೆಯಾಗಲಿ ಒಳಗಿನ ಅಂಗಳಕ್ಕೆ ತಿರುಗಿ ಕೂತಿರುತ್ತದೆ. ಬಂಗಲೆ ಹೊರಗೆ ನೋಡುತ್ತದೆ. ಗುಡ್ಡದ ನೆತ್ತಿ ಸಮ ಮಾಡಿ, ಅಲ್ಲಿಂದ ಕಣ, ಪಲ್ಪರ್ ಮನೆ, ದಾರಿ ಕಾಣುವಂತೆ ಕೂರಿಸಿದ್ದಾರೆ. ಗಾಳಿಗೆ ಎಷ್ಟೋ ಉಸ್ತುವಾರಿಗೂ ಅಷ್ಟೇ.

ಒಳ ಅಂಗಳ ಇಲ್ಲದ್ದರಿಂದ ನೀರೆಲ್ಲ ಹೊರಗೇ ಇಳಿಯುತ್ತದೆ, ಮಾಡಿನ ಆಕಾರ ಸರಳ. ಎಲ್ಲಿ ಆಮೇಲೆ ಕೋಣೆ ಸೇರಿಸಿದರೋ ಅಲ್ಲಿ ಕಣಿ ಹುಟ್ಟಿತು, ಕಣಿ ಹುಟ್ಟಿದಲ್ಲಿ ಸೋರಿಕೆ. ನಿಮ್ಮ ಜಗಲಿ ಮೂಲೆಯ ಕಥೆ ಅದೇ ಇರಬೇಕು.

ಬಚ್ಚಲಿಗೆ ಹೊರಗಿನಿಂದಲೂ ಒಂದು ಬಾಗಿಲು ಇರುತ್ತದೆ, ನೋಡಿ. ನೀರು ಹೊರುವವರೂ ಕಮೋಡ್ ತೆಗೆಯುವವರೂ ಮನೆಯೊಳಗೆ ಕಾಲಿಡದೆ ಬಂದು ಹೋಗಲೆಂದು ಇಟ್ಟದ್ದು. ದುರಸ್ತಿಯಲ್ಲಿ ಎಲ್ಲರೂ ಮೊದಲು ಮುಚ್ಚುವುದು ಆ ಬಾಗಿಲನ್ನೇ. ಮುಚ್ಚುವುದಾದರೆ ಇಟ್ಟಿಗೆ ಕಟ್ಟಬೇಡಿ, ಹಲಗೆಯಲ್ಲಿ ಮುಚ್ಚಿ. ಚೌಕಟ್ಟು ಉಳಿಯಲಿ, ಬಚ್ಚಲಿಗೆ ಗಾಳಿಯೂ ಆಡುತ್ತದೆ.

ರೀಪು_ಪಕಾಸಿ
ಸೋರುವುದಕ್ಕೆ ಬರೋಣ. ಮಳೆಯಲ್ಲಿ ಅಟ್ಟಕ್ಕೆ ಹತ್ತಿ, ಹನಿ ಬೀಳುವ ಜಾಗಕ್ಕಲ್ಲ, ಪಕಾಸಿಯ (ಮಾಡಿನ ಇಳಿಜಾರಿನುದ್ದಕ್ಕೆ ಇರುವ ಮರ) ಮೇಲೆ ನೀರು ಓಡಿಬಂದ ಗುರುತಿಗೆ ಸೀಮೆಸುಣ್ಣದಿಂದ ಗೆರೆ ಹಾಕಿ. ಹನಿ ಬೀಳುವಲ್ಲಿಂದ ಐದಾರು ಅಡಿ ಮೇಲೆ ಮೂಲ ಇರಬಹುದು. ಬಿಸಿಲಿನಲ್ಲಿ ಅದೇ ಅಟ್ಟದಿಂದ ಬೆಳಕಿನ ಚುಕ್ಕೆ ಹುಡುಕಿ.

ಇಳಿಜಾರು ಅಳೆಯಿರಿ. ಮಂಗಳೂರು ಹೆಂಚಿಗೆ ಅಡಿಗೆ ಏಳೆಂಟು ಇಂಚು ಏರು ಬೇಕು, ಅಂದರೆ 30ರಿಂದ 34 ಡಿಗ್ರಿ. ಎಷ್ಟೋ ಬಂಗಲೆಯಲ್ಲಿ ನಡುಮನೆಯ ಮಾಡು ಕಡಿದಾಗಿದ್ದು ಜಗಲಿಯ ಮಾಡು 20-22 ಡಿಗ್ರಿಗೆ ಮಲಗಿರುತ್ತದೆ. ಮೇಲಿನಿಂದ ರಭಸವಾಗಿ ಬಂದ ನೀರು ಅಲ್ಲಿ ನಿಧಾನವಾಗುತ್ತದೆ, ನೈಋತ್ಯದ ಗಾಳಿ ಅದನ್ನು ಹೆಂಚಿನ ಸಂದಿಯಲ್ಲಿ ಹಿಂದಕ್ಕೆ ತಳ್ಳುತ್ತದೆ. ಹೆಂಚು ಬದಲಾಯಿಸಿ ಉಪಯೋಗವಿಲ್ಲ. ಆ ಪಟ್ಟಿಗೆ ಮಾತ್ರ ಹೆಂಚಿನ ಕೆಳಗೆ ಅಲ್ಯೂಮಿನಿಯಂ ಶೀಟ್ ಹಾಸಿ, ಅದರ ಮೇಲೆ ಇಳಿಜಾರಿನ ಉದ್ದಕ್ಕೆ ತೆಳು ಪಟ್ಟಿ, ಪಟ್ಟಿಯ ಮೇಲೆ ಅಡ್ಡಕ್ಕೆ ಹೆಂಚು ಕೂರುವ ರೀಪು, ಮೇಲೆ ಹೆಂಚು. ಪಟ್ಟಿ ಹಾಕದೆ ರೀಪನ್ನು ನೇರ ಶೀಟಿಗೆ ಹೊಡೆದರೆ ಒಳಹೊಕ್ಕ ನೀರು ರೀಪಿಗೆ ತಡೆದು ನಿಂತು ಮರ ಕೊಳೆಯುತ್ತದೆ.

ಕಣಿಗೆ: ಕೆಳಗೆ ಹಲಗೆ, ಅದರ ಮೇಲೆ ಕನಿಷ್ಠ 18 ಇಂಚು ಅಗಲದ ಶೀಟ್, ಎರಡೂ ಅಂಚು ಅರ್ಧ ಇಂಚು ಮೇಲಕ್ಕೆ ಮಡಚಿರಬೇಕು. ಜೋಡಣೆಯಲ್ಲಿ ಮೇಲಿನ ತುಂಡು ಕೆಳಗಿನದರ ಮೇಲೆ ಆರಿಂಚು ಕೂರಬೇಕು. ಹೆಂಚುಗಳನ್ನು ಗೆರೆ ಎಳೆದು ಕತ್ತರಿಸಿ, ನಡುವೆ ನಾಲ್ಕಿಂಚು ತೆರೆದಿಡಿ. ಇದನ್ನು ಸಿಮೆಂಟ್ ಹಾಕಿ ಮುಚ್ಚುವುದೇ ದೊಡ್ಡ ತಪ್ಪು. ಸಿಲ್ವರ್ ಓಕ್ ಮರದ ಎಲೆ ಬಂದು ಕಟ್ಟಿಕೊಳ್ಳುತ್ತದೆ, ನೀರು ಮಡಿಕೆ ದಾಟಿ ಒಳಗೆ ಇಳಿಯುತ್ತದೆ. ಒದ್ದೆ ಸುಣ್ಣ, ಸಿಮೆಂಟ್ ಎರಡೂ ಅಲ್ಯೂಮಿನಿಯಂ ತಿನ್ನುತ್ತವೆ ಬೇರೆ.

ಚಿಮಣಿಗೆ: ಬೆಟ್ಟದ ಕಡೆ, ಅಂದರೆ ಚಿಮಣಿಯ ಮೇಲ್ಬದಿಯಲ್ಲಿ, ನೀರನ್ನು ಎರಡು ಪಕ್ಕಕ್ಕೆ ಹರಿಸುವ ಸಣ್ಣ ಗೂನು ಇರಬೇಕು. ಅದಿಲ್ಲದಿದ್ದರೆ ಅಲ್ಲಿ ಎಲೆ, ಪಾಚಿ ಸೇರಿ ಕೆರೆ. ಪಕ್ಕಗಳಲ್ಲಿ ಮೊದಲು ಸೀಸದ ತಗಡನ್ನು ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸಿ ಇಟ್ಟಿಗೆ ಸಂದಿಗೆ ಒಂದಿಂಚು ತೂರಿಸಿರುತ್ತಿದ್ದರು. ಯಾರೋ ಕಿತ್ತು ಮಾರಿರುತ್ತಾರೆ, ಆ ಜಾಗಕ್ಕೆ ಡಾಂಬರು ಬಳಿದಿರುತ್ತಾರೆ. ಡಾಂಬರು ಎರಡು ಬೇಸಿಗೆಗೆ ಬಿರಿಯುತ್ತದೆ.

ತೋಟದ_ದಾರಿ
ಚಿಮಣಿಯ ಮೇಲ್ಬದಿಯಲ್ಲಿ ಗೂನು ಇಲ್ಲ, ಡಾಂಬರು ಇದೆ. ಜಗಲಿಯ ಇಳಿಜಾರು 21 ಡಿಗ್ರಿ. ಮುದ್ರೆಗಳಲ್ಲಿ ಬಾಸೆಲ್ ಮಿಷನ್ ಬಿಟ್ಟು ಕಾಮನ್‌ವೆಲ್ತ್ ಕೂಡ ಇದೆ, ಅಡುಗೆಮನೆಯ ಮೇಲೇ ಹೆಚ್ಚು. ಹಾಗಾದರೆ ಶೀಟ್ ಬೇಡವೇ? ಕಂಟ್ರಾಕ್ಟರ್ ಪಟ್ಟು ಬಿಡುತ್ತಿಲ್ಲ.

ಮೂಡಿಗೆರೆ_ಮಳೆ
ನಾನು ಶೀಟಿನ ಪರ. ವರ್ಷಕ್ಕೆ 3000 ಮಿ.ಮೀ. ಮೀರಿ ಮಳೆ ಬೀಳುವ ಕಡೆ ಹೆಂಚು ಕೈಯಾಡಿಸಲು ಪ್ರತಿ ಏಪ್ರಿಲ್‌ನಲ್ಲಿ ಜನ ಬೇಕು. ಆ ಕೆಲಸ ಗೊತ್ತಿದ್ದವರು ಈಗ ಎಲ್ಲಿದ್ದಾರೆ? ಮಂಗ ಒಂದು ಸಲ ಓಡಿದರೆ ಹತ್ತು ಹೆಂಚು ಹೋಯಿತು. ಹೆಂಚನ್ನು ಹಾಗೇ ಬಿಟ್ಟು, ಮೇಲೆ ಎರಡಡಿ ಅಂತರ ಕೊಟ್ಟು ಕಬ್ಬಿಣದ ಚೌಕಟ್ಟಿನಲ್ಲಿ ಶೀಟ್ ಹಾಕಿದರೆ ಮನೆಯಾದರೂ ಉಳಿಯುತ್ತದೆ. ಚಂದ ಆಮೇಲೆ.

ರೀಪು_ಪಕಾಸಿ
ಮೂಡಿಗೆರೆಯವರ ಮಾತು ತಳ್ಳಿಹಾಕುವಂಥದ್ದಲ್ಲ, ಆದರೆ ಆ ಚೌಕಟ್ಟು ಎಲ್ಲಿ ನಿಲ್ಲುತ್ತದೆ ಎಂಬುದು ಪ್ರಶ್ನೆ. ಹಳೆಯ ಮಣ್ಣಿನ ಗೋಡೆಯ ತಲೆಯ ಮೇಲೆ ಪ್ಲೇಟ್ ಇಟ್ಟು ನಿಲ್ಲಿಸುತ್ತಾರೆ. ಹೆಂಚು ತನ್ನ ಭಾರದಿಂದ ಕೂತಿರುತ್ತದೆ: ನೂರು ಚದರಡಿಗೆ ಸುಮಾರು 150 ಹೆಂಚು, ಒಂದೊಂದು ಎರಡೂವರೆ ಕಿಲೋ ಎಂದರೆ ಮೂರೂಮುಕ್ಕಾಲು ಕ್ವಿಂಟಾಲ್. ಶೀಟ್ ಹಗುರ, ಗಾಳಿ ಕೆಳಗಿನಿಂದ ಎತ್ತುತ್ತದೆ, ಆ ಎಳೆತವೆಲ್ಲ ಗೋಡೆಯ ತಲೆಗೆ. ಹಾಕಲೇಬೇಕಾದರೆ ಕಂಬ ಜಗಲಿಯ ಹೊರಗೆ ನೆಲದಿಂದ ಏಳಲಿ. ಚಿಮಣಿಯನ್ನು ಶೀಟಿನ ಮೇಲಕ್ಕೂ ಏರಿಸಬೇಕು. ಇಲ್ಲದಿದ್ದರೆ ಬೆಂಕಿ ಹಾಕುವ ಆಸೆ ಬಿಡಿ.

ಇವರ ಮನೆಯಲ್ಲಿ ಸೋರುವುದು ಎರಡೇ ಕಡೆ. ಎರಡು ಕಡೆಗಾಗಿ ಮೂರು ಸಾವಿರ ಚದರಡಿ ಶೀಟ್ ಯಾಕೆ?

ಗಾರೆಕೆಲಸ
ಒದ್ದೆ ಗೋಡೆಗೆ ಯಾರೂ ಉತ್ತರಿಸಿಲ್ಲ. ಮೊದಲು ಹೊರಗೆ ಹೋಗಿ ನೋಡಿ. ಗೋಡೆಗೆ ಒತ್ತಿ ಹೂವಿನ ಪಾತಿ ಇದೆಯೇ? ಮಾಡಿನ ನೀರು ಬೀಳುವ ಗೆರೆಯಲ್ಲಿ ಮನೆ ಸುತ್ತ ಕಲ್ಲಿನ ಚರಂಡಿ ಇದ್ದೇ ಇರುತ್ತದೆ, ಹೆಚ್ಚಾಗಿ ಮಣ್ಣು ತುಂಬಿ ಹುಲ್ಲು ಬೆಳೆದಿರುತ್ತದೆ. ಹೊರಗಿನ ಮಣ್ಣು ಒಳಗಿನ ನೆಲಕ್ಕಿಂತ ಕನಿಷ್ಠ ಒಂದಡಿ ಕೆಳಗಿರಬೇಕು. ಎಷ್ಟೋ ಮನೆಯಲ್ಲಿ ಅರ್ಧ ರೋಗ ಇಷ್ಟಕ್ಕೇ ವಾಸಿ.

ಇನ್ನರ್ಧ ಸಿಮೆಂಟಿನದು. ಹಳೆಯ ಗೋಡೆಗೆ ನೆಲದಿಂದ ತೇವ ಹೀರುವುದು ಸಹಜ, ಸುಣ್ಣದ ಗಾರೆ ಅದನ್ನು ಅಲ್ಲಲ್ಲೇ ಆರಿಸುತ್ತಿತ್ತು. ಸಿಮೆಂಟ್ ಬಳಿದರೆ ತೇವ ಹೊರಗೆ ಬರಲಾರದೆ ಮೇಲೇರುತ್ತದೆ, ಉಪ್ಪು ಹಿಂದೆ ಹರಳುಗಟ್ಟಿ ಪ್ಲಾಸ್ಟರನ್ನು ತಳ್ಳುತ್ತದೆ. ಒದ್ದೆ ಮೂರಡಿಗೆ ಏರಿದ್ದು ಹಾಗೆ. ಕೋಣೆಗೆ ವಿಟ್ರಿಫೈಡ್ ಟೈಲ್ಸ್ ಹಾಕಿದ್ದರೆ ನೆಲದ ತೇವವೂ ಗೋಡೆಯ ದಾರಿಯನ್ನೇ ಹಿಡಿಯುತ್ತದೆ.

ಕೆಲಸದ ಕ್ರಮ:
ಒದ್ದೆಯ ಗೆರೆಯಿಂದ ಎರಡಡಿ ಮೇಲಿನವರೆಗೆ ಸಿಮೆಂಟ್ ಕಿತ್ತು, ಸಂದಿ ಮುಕ್ಕಾಲು ಇಂಚು ಕೆರೆದು, ಬ್ರಷ್‌ನಲ್ಲಿ ಒಣಗಿಸಿಯೇ ಉಜ್ಜಿ. ನೀರು ಹಾಕಿದರೆ ಉಪ್ಪು ಮತ್ತೆ ಒಳಗೆ. ಡಿಸೆಂಬರಿನಲ್ಲಿ ಕಿತ್ತು ಇಡೀ ಬೇಸಿಗೆ ಹಾಗೇ ಬಿಟ್ಟರೆ ಒಳ್ಳೆಯದು. ಇದಕ್ಕೇ ಯಾರಿಗೂ ತಾಳ್ಮೆ ಇರುವುದಿಲ್ಲ.

ಕರಾವಳಿಯ ಚಿಪ್ಪುಸುಣ್ಣ ಸಿಕ್ಕಿದರೆ ನೀರಿನಲ್ಲಿ ಅರಳಿಸಿ, ಸೋಸಿ, ಕನಿಷ್ಠ ಮೂರು ವಾರ ನೀರಿನಡಿ ಮುಳುಗಿಸಿಡಿ. ಇದು ಗಾಳಿ ಕುಡಿದು ಗಟ್ಟಿಯಾಗುವ ಸುಣ್ಣ, ಒದ್ದೆ ಗೋಡೆಯಲ್ಲಿ ಒಂಟಿಯಾಗಿ ಕೂರುವುದಿಲ್ಲ. ಕೆಳಭಾಗಕ್ಕೆ ಒಂದು ಪಾಲು ಸುಣ್ಣ, ಒಂದು ಸುರ್ಕಿ, ಎರಡು ಮರಳು. ಸುರ್ಕಿಗೆ ಹದವಾಗಿ ಬೆಂದ ಇಟ್ಟಿಗೆಯ ಪುಡಿಯೇ ಬೇಕು, ಸುಟ್ಟು ಕರಿಕಲಾದ ಇಟ್ಟಿಗೆಯದ್ದು ಬರೀ ಮರಳಿನಂತೆ. ಮೇಲ್ಭಾಗಕ್ಕೆ ಸುಣ್ಣ ಒಂದು, ಮರಳು ಮೂರು. ಅಳಲೆಕಾಯಿ, ಬೆಲ್ಲದ ನೀರು ಬೆರೆಸುವುದಾದರೆ ತೆಳುವಾಗಿರಲಿ. ಅರ್ಧ ಇಂಚಿಗಿಂತ ದಪ್ಪ ಒಮ್ಮೆಗೇ ಬೇಡ. ಒಂದು ಕೋಟ್ ಉಗುರಿಗೆ ಬಗ್ಗದಷ್ಟು ಬಿಗಿದ ಮೇಲೆ ಇನ್ನೊಂದು. ಒದ್ದೆ ಗೋಣಿ ಇಳಿಬಿಟ್ಟು ವಾರವಾದರೂ ನೆರಳಲ್ಲಿಡಿ. ಬೇಗ ಒಣಗಿದರೆ ಮುಟ್ಟಿದಲ್ಲಿ ಪುಡಿ.

ಮೇಲೆ ಸುಣ್ಣದ ತಿಳಿ ನಾಲ್ಕೈದು ಸಲ. ಎಮಲ್ಷನ್ ಹೊಡೆದರೆ ಮಾಡಿದ್ದೆಲ್ಲ ದಂಡ.

ಸೈಟ್_ಸುಪರ್‌ವೈಸರ್
ಗಾರೆಕೆಲಸದವರೇ, ಸುಣ್ಣಕ್ಕೆ ಸ್ವಲ್ಪ ಸಿಮೆಂಟ್ ಬೆರೆಸಿದರೆ ಬೇಗ ಬಿಗಿಯುತ್ತದಲ್ಲ? ಎಲ್ಲರೂ ಹಾಗೇ ಮಾಡುತ್ತಾರೆ. ಇನ್ನೊಂದು, ಕಿತ್ತದ್ದು ಸುಣ್ಣವೋ ಸಿಮೆಂಟೋ ಎಂದು ನಿಂಬೆರಸ ಹಾಕಿ ನೋಡಬಹುದೇ?

ಗಾರೆಕೆಲಸ
ಬೆರೆಸಬಹುದು, ಆದರೆ ಹತ್ತನೆಯ ಒಂದು ಪಾಲು ಸಿಮೆಂಟ್ ಹಾಕಿದರೆ ಸುಣ್ಣದ ಮೆದುವೂ ಇಲ್ಲ, ಸಿಮೆಂಟಿನ ಬಲವೂ ಇಲ್ಲ. ಮೊದಲ ಚಳಿಗಾಲ ಚೆನ್ನಾಗಿ ಕಾಣುತ್ತದೆ ಎಂಬುದೇ ಅದರ ಮೋಸ. ಬೇಗ ಬಿಗಿಯಲು ಸುರ್ಕಿ ಇದೆಯಲ್ಲ.

ನಿಂಬೆರಸಕ್ಕೆ ಎರಡೂ ನೊರೆ ಬರುತ್ತವೆ. ಮೊಳೆಯಲ್ಲಿ ಗೀರಿ. ಸುಣ್ಣ ಸುಲಭವಾಗಿ ಗೀರುತ್ತದೆ, ಮುರಿದ ಬದಿಯಲ್ಲಿ ಅಕ್ಕಿಕಾಳಿನಷ್ಟು ಬಿಳಿ ಗಂಟು ಕಾಣುತ್ತದೆ. ಸಿಮೆಂಟ್ ಬೂದುಬಣ್ಣ, ಮೊಳೆ ಜಾರುತ್ತದೆ.

ಬೀಟೆ_ಹೊನ್ನೆ
ಮಾಡು ಬಿಚ್ಚಿದಾಗ ಪಕಾಸಿಯ ಬುಡ ನೋಡುವುದನ್ನು ಮರೆಯಬೇಡಿ. ಗೋಡೆಯ ತಲೆಯಲ್ಲಿ ಕೂತ ಭಾಗಕ್ಕೆ ದಬ್ಬಣ ಚುಚ್ಚಿ. ಕಾಲಿಂಚಿಗಿಂತ ಹೆಚ್ಚು ಇಳಿದರೆ ಕೊಳೆತಿದೆ. ಅಷ್ಟಕ್ಕೆ ಇಡೀ ಪಕಾಸಿ ಬದಲಾಯಿಸಬೇಕಿಲ್ಲ. ಗಟ್ಟಿ ಮರದವರೆಗೆ ಕತ್ತರಿಸಿ, ಓರೆ ಜೋಡಣೆಯಲ್ಲಿ ಹೊಸ ತುಂಡು ಕೂರಿಸಿ, ಜೋಡಣೆಯ ಉದ್ದ ಮರದ ಎತ್ತರದ ಮೂರರಷ್ಟಾದರೂ ಇದ್ದು ಎರಡು ಬೋಲ್ಟ್ ಬೀಳಲಿ. ಗೆದ್ದಲಿಗೆ ಕರಾವಳಿಯಲ್ಲಿ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುತ್ತಾರೆ. ಕೈಗವಸು ಹಾಕಿ, ಮೈಗೆ ತಾಗಿದರೆ ಸುಡುತ್ತದೆ.

ತೋಟದಲ್ಲೇ ಬಿದ್ದ ಬೀಟೆ, ತೇಗ ಇದೆ ಎಂದು ಗರಗಸಕ್ಕೆ ಹಾಕಿಬಿಡಬೇಡಿ. ಕೊಡಗಿನಲ್ಲಿ ರಿಡೀಮ್ ಆಗದ, ಅಂದರೆ ಮರದ ಬೆಲೆಯನ್ನು ಸರ್ಕಾರಕ್ಕೆ ಕಟ್ಟಿ ಬಿಡಿಸಿಕೊಳ್ಳದ, ಜಮೀನಿನ ಮರದ ಹಕ್ಕು ಸರ್ಕಾರದ್ದು. ಜಮೀನಿನ ಬಾಬ್ತು ಯಾವುದು ನೋಡಿ, ಅರಣ್ಯ ಇಲಾಖೆಯ ಅನುಮತಿ ಕೈಯಲ್ಲಿ ಹಿಡಿದೇ ಮುಂದಿನ ಕೆಲಸ.

ನಡುಜಗಲಿ
ಫೈರ್‌ಪ್ಲೇಸ್ ಹಚ್ಚುವ ಮುಂಚೆ ಚಿಮಣಿಯಲ್ಲಿ ಜೇನು, ಹಕ್ಕಿಗೂಡು ನೋಡಿಸಿ. ಗೂಡಿಲ್ಲದಿದ್ದರೂ ಹೊಗೆ ಕೋಣೆಗೆ ಬಂದರೆ ಬಾಯಿ ದೊಡ್ಡದು, ಕೊಳವೆ ಚಿಕ್ಕದು. ಕೊಳವೆಯ ಒಳ ಅಳತೆ ಬಾಯಿಯ ಹತ್ತನೆಯ ಒಂದು ಭಾಗವಾದರೂ ಬೇಕು. ಚಿಮಣಿಯ ತುದಿ ಮಾಡಿನ ಕೋಡಿಗಿಂತ ಎರಡಡಿ ಮೇಲಿರಲಿ. ಕೊಳವೆಯ ಪಕ್ಕದ ತೊಲೆ ಕಪ್ಪಾಗಿದ್ದರೆ ಒಳಗೆ ಬಿರುಕಿದೆ, ಗಾರೆ ಹಾಕಿಸುವವರೆಗೆ ಕಡ್ಡಿ ಗೀರಬೇಡಿ.

ಲೈನ್_ಮನೆ
ಬಂಗಲೆಯ ಮಾತಷ್ಟೇ ಆಯಿತು. ಅದೇ ತೋಟದಲ್ಲಿ ಲೈನ್ ಮನೆಗಳೂ ಇರುತ್ತವಲ್ಲ, ಅವೂ ಅದೇ ಚರಿತ್ರೆ. ಸಾಮಾನ್ಯವಾಗಿ ಹತ್ತಡಿ ಹನ್ನೆರಡಡಿಯ ಕೋಣೆಗಳ ಸಾಲು, ಮುಂದೆ ಸಣ್ಣ ಜಗಲಿ, ಕಿಟಕಿ ಇದ್ದರೆ ಇತ್ತು. ಮುಂಗಡ ಕೊಟ್ಟು ಮೇಸ್ತ್ರಿಗಳ ಮೂಲಕ ಜನ ತರಿಸುತ್ತಿದ್ದರು. ಮುಂಗಡ ತೀರುವ ಮುಂಚೆ ಬಿಟ್ಟು ಹೋದವರನ್ನು 1859ರ ಕರಾರು ಕಾಯ್ದೆಯಡಿ ಜೈಲಿಗೂ ಕಳಿಸಬಹುದಿತ್ತು. ಆ ಕಾಯ್ದೆ ರದ್ದಾದದ್ದು 1920ರ ದಶಕದಲ್ಲಿ. ತೋಟದ ಕೆಲಸಗಾರರಿಗೆ ಮನೆ ಒದಗಿಸುವುದು ಮಾಲೀಕರ ಹೊಣೆ ಎಂದು ಕಾನೂನು ಬಂದದ್ದು 1951ರಲ್ಲಿ. ಬಂಗಲೆಯ ಅಳತೆ ತೆಗೆಯುವಾಗ ಲೈನು, ಬಟವಾಡೆ ಕಿಟಕಿ ಇದ್ದ ಆಫೀಸು, ಪಲ್ಪರ್ ಮನೆ ಎಲ್ಲವನ್ನೂ ಒಂದೇ ನಕ್ಷೆಯಲ್ಲಿ ಹಾಕಿ. ಲೈನನ್ನು ಬುಲ್ಡೋಜ್ ಮಾಡಿ ಪಾರ್ಕಿಂಗ್ ಮಾಡುವ ಹೋಂಸ್ಟೇಗಳೇ ಜಾಸ್ತಿ.

ಹಳೇಕಡತ
ಒಪ್ಪುತ್ತೇನೆ. ಗಾಡಿದಾರಿಯನ್ನೂ ಸೇರಿಸಿ. ಕಾಫಿ ಹೊತ್ತು ಪೆರುಂಬಾಡಿ ಘಾಟಿಯಲ್ಲಿ ತಲಚೇರಿಗೆ, ಸಂಪಾಜೆಯಲ್ಲಿ ಮಂಗಳೂರಿಗೆ ಎತ್ತಿನ ಗಾಡಿ ಇಳಿಯುತ್ತಿದ್ದವು. ಘಾಟಿಯಲ್ಲಿ ಒಂದು ಗಾಡಿಗೆ ಐದು ಕ್ವಿಂಟಾಲ್ ಎಂದು ಹಿಡಿದರೂ ಇನ್ನೂರು ಹೆಂಚು. ಈ ಬಂಗಲೆಯ ಮಾಡಿಗೆ ಇಪ್ಪತ್ತಕ್ಕೂ ಹೆಚ್ಚು ಗಾಡಿ ಬೇಕು, ಒಡೆದದ್ದು ಬೇರೆ.

ತೋಟದ_ದಾರಿ
ಹೊರಗಿನ ಚರಂಡಿ ಸಿಕ್ಕಿತು, ಹೂವಿನ ಪಾತಿಯ ಅಡಿಯಲ್ಲಿ. ಕಣಿ ಮತ್ತು ಚಿಮಣಿ ಕೆಲಸ ಈ ಬೇಸಿಗೆಗೆ, ಗೋಡೆ ಮುಂದಿನ ವರ್ಷಕ್ಕೆ. ಕಡಿಮೆ ಬೀಳುವ ಹೆಂಚಿಗೆ ಹೊಸದು ತರಿಸಬಹುದೇ?

ಜೆಪ್ಪು_ಆವೆಮಣ್ಣು
ಹೊಸದನ್ನು ಹಳೆಯದರ ನಡುವೆ ಹಾಕಬೇಡಿ. ಅಚ್ಚು ಬೇರೆ, ಹಲ್ಲು ಕೂರುವ ಅಂತರ ಅರ್ಧ ಇಂಚು ವ್ಯತ್ಯಾಸವಾದರೂ ಸಾಲು ಎದ್ದು ನಿಲ್ಲುತ್ತದೆ. ಅಡುಗೆಮನೆಯ ಮಾಡನ್ನು ಪೂರ್ತಿ ಬಿಚ್ಚಿ, ಅಲ್ಲಿನ ಬಾಸೆಲ್ ಮಿಷನ್ ಹೆಂಚನ್ನು ಮುಂಭಾಗಕ್ಕೆ ತನ್ನಿ. ಕಾಮನ್‌ವೆಲ್ತ್‌ನದು ಸಾಲಿಗೆ ಸಾಲು ಸರಿಯಾಗಿ ಕೂತರೆ ಮಾತ್ರ. ಅಡುಗೆಮನೆಗೆ ಹೊಸದೊಂದೇ ಜಾತಿಯ ಹೆಂಚು ಹಾಕಿ, ರೀಪನ್ನು ಅದರ ಅಳತೆಗೆ ಹೊಸದಾಗಿ ಹೊಡೆಸಿ. ಹಳೆಯದನ್ನು ಮತ್ತೆ ಏರಿಸುವ ಮುಂಚೆ ಒಂದೊಂದನ್ನೂ ಬೆರಳ ಗೆಣ್ಣಿನಿಂದ ತಟ್ಟಿ. ಕಣ್ಣಿಗೆ ಕಾಣದ ಬಿರುಕಿದ್ದರೆ ಗಂಟೆಯ ಸದ್ದು ಬರುವುದಿಲ್ಲ, ಬೊದ್ದು ಸದ್ದು ಬರುತ್ತದೆ. ಅವು ಪಕ್ಕಕ್ಕೆ ಇರಲಿ, ಕಣಿಯ ಅಂಚಿಗೆ ಕತ್ತರಿಸಲು ಬರುತ್ತವೆ.